ದೊಡ್ಡ ಗಾಜು, ಸಣ್ಣ ಗಾಜು

ಹಿತ್ತಾಳೆಯ ಸೂಕ್ಷ್ಮದರ್ಶಕ ಹೊತ್ತು ತಿರುಗುವವಳಿಗೆ ನಾಟಕ ಬೇರೆ ನೋಡಬೇಕಾಗಿಲ್ಲ. ರಂಗೂನು, ಕೊಲಂಬೊ ಎಲ್ಲ ಸುತ್ತಿ ಬಂದರೂ ನಾನು ಹೊಟ್ಟೆ ಹಿಡಿದು ನಕ್ಕದ್ದು ನರಸೀಪುರ-ನಂಜನಗೂಡಿನ ಸುತ್ತಮುತ್ತಲ ಗಾಡಿದಾರಿಗಳಲ್ಲೇ. ಆ ವರ್ಷ ಸುತ್ತಲ ಊರುಗಳಲ್ಲಿ ಕಾಲರಾ. ಹೊಳೆನೀರಿನ ಹುಳ ಕಣ್ಣಾರೆ ಕಂಡರಾದರೂ ಜನ ಕಾಯಿಸಿ ಕುಡಿದಾರು ಎಂದು ಹೊರಟಿದ್ದೆ.

ಪಟೇಲರ ಈರುಳ್ಳಿ

ನರಸೀಪುರದ ಪಟೇಲರಿಗೆ ಮೊದಲು ಈರುಳ್ಳಿಯ ಪೊರೆ ತೋರಿಸಿದೆ. ಸಣ್ಣ ಮಸೂರದಲ್ಲಿ ಇಟ್ಟಿಗೆ ಗೋಡೆಯಂತೆ ಸಾಲುಸಾಲು ಗೂಡು.

"ಪಟೇಲನಿಗೆ ಸಣ್ಣದಾ? ದೊಡ್ಡದು ಹಾಕ್ರವ್ವಾ."

ಹಾಕಿದೆ. ಮಬ್ಬಿನಲ್ಲಿ ಒಂದೆರಡು ಇಟ್ಟಿಗೆ ಮಾತ್ರ ಉಳಿಯಿತು.

"ಗೋಡೆ ಎಲ್ಲೋಯ್ತು?"

"ದೊಡ್ಡದು ಮಾಡಿದಷ್ಟೂ ಕಾಣೋ ಜಾಗ ಕಿರಿದು, ಬೆಳಕೂ ಕಮ್ಮಿ."

ಪಟೇಲರು ಮೀಸೆ ತೀಡಿದರು. "ನಮ್ಮ ಅಮಲ್ದಾರರ ತರಾನೇ ಅನ್ನಿ."

ಸೋಮನಾಥಪುರದ ಹೇನು

ಅಲ್ಲೊಬ್ಬ ರೈತಗಿತ್ತಿ ನೀರು ನೋಡಲೊಲ್ಲಳು. ಕುತೂಹಲ ಹುಟ್ಟಲೆಂದು ಅವಳ ತಲೆಯ ಹೇನನ್ನೇ ಗಾಜಿಗಿಟ್ಟೆ. ಇಣುಕಿದವಳು ಎರಡು ಹೆಜ್ಜೆ ಹಿಂದೆ ಹಾರಿದಳು.

"ಅಯ್ ಸಿವ್ನೆ! ಇದು ನಮ್ಮನೇದಲ್ಲ ಕಣವ್ವಾ. ನಮ್ಮನೆ ಹೇನು ಇಷ್ಟು ದಪ್ಪ ಬೆಳ್ಯಾಕಿಲ್ಲ. ಸೊಸೆ ತವರಿಂದ ತಂದಿರೋದು!"

ಛತ್ರದ ಅಜ್ಜಿ

ನಂಜನಗೂಡಿನ ಒಂದು ಛತ್ರದಲ್ಲಿ ಅಡುಗೆಯ ಅಜ್ಜಿಯದೇ ದರ್ಬಾರು. ನೀರು ಕಾಯಿಸಲು ಅವರು ಒಪ್ಪದಿದ್ದರೆ ಬಂದ ಯಾತ್ರಿಕರಿಗೆಲ್ಲ ಕಪಿಲೆ ಹೊಳೆಯ ಹಸಿ ನೀರೇ ಗತಿ.

ಸಣ್ಣ ಮಸೂರದಲ್ಲಿ ಅಜ್ಜಿಗೆ ತಿಳಿನೀರು ಕಂಡಿತು. ದೊಡ್ಡದು ತಿರುಗಿಸಿದೆ. ಹುಳಗಳು ಈಜಾಡಿದವು.

"ಈಗ ತಾನೇ ಇರಲಿಲ್ಲವಲ್ಲೇ ತಾಯಿ! ನಿನ್ನ ಗಾಜಿನಿಂದ ಉದುರಿದವೋ ಏನೋ?"

"ಮೊದಲೂ ಇದ್ದವು ಅಜ್ಜಿ, ಕಾಣಲಿಲ್ಲ ಅಷ್ಟೆ. ಕಾಯಿಸಿದರೆ ಸಾಯುತ್ತವೆ."

ಅಜ್ಜಿ ಹೌಹಾರಿದರು. "ಸತ್ತು ಎಲ್ಲಿಗೆ ಹೋಗುತ್ತವೆ? ಅದರಲ್ಲೇ ಬೇಯುತ್ತವೆ. ಈರುಳ್ಳಿ ಮುಟ್ಟದವರಿಗೆ ನಾನು ಮಾಂಸದ ಸಾರು ಬಡಿಸಲಾ?"

ಕಾಲರಾ ಬಾಗಿಲಲ್ಲಿದೆ, ಇಲ್ಲಿ ನೋಡಿದರೆ ಹುಳಕ್ಕೂ ಮಡಿ!

"ಸತ್ತದ್ದನ್ನ ಸೋಸಿಬಿಟ್ಟರಾಯಿತು" ಎಂದು ಅಜ್ಜಿ ತಾವೇ ದಾರಿ ಹುಡುಕಿದರು. ಆಮೇಲೆ ಹಂಡೆ ಒಲೆಗೇರಿಸಿ, ನೀರನ್ನು ಕುದಿಸಿ, ಮಡಿಬಟ್ಟೆಯಲ್ಲಿ ಸೋಸಿ, ಒಂದು ಹನಿ ತಂದು ಸಣ್ಣ ಮಸೂರದಡಿ ಇಡಿಸಿದರು. ತಿಳಿನೀರು.

"ಮಡಿಗೆ ಇಷ್ಟು ಸಾಕು. ಆ ದೊಡ್ಡದನ್ನ ಬಿಚ್ಚಿ ಪೆಟ್ಟಿಗೇಲಿಡು."

ಬಿಚ್ಚಿಟ್ಟೆ. ಅಂದಿನಿಂದ ಆ ಛತ್ರದಲ್ಲಿ ಕುದಿಯದ ನೀರಿಲ್ಲ. ಕೈಯೊಡ್ಡಿದ ಯಾತ್ರಿಕರಿಗೆಲ್ಲ ಅಜ್ಜಿ ಹೇಳುತ್ತಿದ್ದರಂತೆ:

"ಕುದಿಸಿದ್ದು, ಸೋಸಿದ್ದು, ಗಾಜಿನಲ್ಲಿ ನೋಡಿದ್ದು. ಧೈರ್ಯವಾಗಿ ಕುಡೀರಿ. ಯಾವ ಗಾಜು ಅಂತ ಮಾತ್ರ ಕೇಳಬೇಡಿ!"