ಮಟಾಟುವಿನಲ್ಲಿ ನಾಲ್ಕನೆಯ ಹಾಡು

ಬರೀ 'ಚೆನ್ನಾಗಿದೆ' ಎಂದು ನಿಲ್ಲಿಸಿದ್ದರೆ ಶ್ರೀನಿವಾಸಮೂರ್ತಿಗಳು ಬಚಾವಾಗುತ್ತಿದ್ದರು. ಮಗಳು ನಿಖಿತಾ ತನ್ನ ಮೊದಲ ಆಲ್ಬಮ್ ಕಳಿಸಿ ಮೂರು ವಾರವಾಗಿತ್ತು. ಡ್ರಮ್ ಆಂಡ್ ಬೇಸ್ ಎಂಬ ಸಂಗೀತವಂತೆ, ಅದಕ್ಕೆ ಟೆಕ್ನೋ, ಸೋಲ್ ಎರಡನ್ನೂ ಬೆರೆಸಿದ್ದಾಳಂತೆ. ಒಂದು ಹಾಡನ್ನೂ ಕೇಳದವರು ಬೆಳಿಗ್ಗೆ ಫೋನಿನಲ್ಲಿ, "ಎಲ್ಲಾ ಎರಡೆರಡು ಸಲ ಕೇಳ್ದೆ ಪುಟ್ಟಾ" ಎಂದುಬಿಟ್ಟರು.

"ರಿಯಲಿ? ನಿಮ್ಮ ಫೇವರಿಟ್ ಯಾವ್ದು? ಡಿನ್ನರ್‌ಗೆ ಬರ್ತೀನಿ, ಟೆಲ್ ಮಿ!"

ಅವಳ ಸಂಭ್ರಮ ಕೇಳಿ ಮೂರ್ತಿಗಳಿಗೆ ದಿಗಿಲಾಯಿತು. ಸುಳ್ಳೆಂದು ಗೊತ್ತಾದರೆ ಇನ್ನು ಜನ್ಮದಲ್ಲಿ ಅಪ್ಪನಿಗೆ ಏನನ್ನೂ ಕೇಳಿಸಲಾರಳು.

ಕೂಡಲೇ ಫೋನನ್ನು ಕಿವಿಗಿಟ್ಟುಕೊಂಡರು. ಟಿಕ್ ಟಿಕ್ ಬಿಟ್ಟರೆ ಬೇರೇನೂ ಇಲ್ಲ. ಅಡುಗೆಮನೆಯಲ್ಲಿ ಹೆಂಡತಿ ಎಂದಿನಂತೆ ಗುನುಗುತ್ತಿದ್ದಳು.

"ಗಿರಿಜಾ, ಸಾಕು ನಿನ್ನ ಹಾಡು! ಮಗಳ ಸಂಗೀತ ಕೇಳ್ಬೇಕು."

ಗುನುಗು ನಿಂತಿತು. ಟಿಕ್ ಟಿಕ್ ಹಾಗೇ ಇತ್ತು.

ಆಫೀಸಿಗೆ ಹೊರಟಾಗ ಗೇಟಿನ ಬಳಿ ಪಕ್ಕದ ಮನೆಯ ಮಂಗಳೂರಿನ ಫಿಲೋಮಿನಾ ಸಿಕ್ಕರು. ಹೈರಿಡ್ಜ್ ಬಡಾವಣೆಯಲ್ಲಿ ಅವರ ಸಲಹೆ ಸಿಗದ ಮನೆಯಿಲ್ಲ. ಮೂರ್ತಿಗಳು ಟಿಕ್ ಟಿಕ್ ಕಥೆ ಹೇಳಿಕೊಂಡರು.

"ಫೋನಲ್ಲಿ ಬೇಸಿನ ಗುಡುಗು ಎಲ್ಲಿ ಕೇಳ್ತದೆ ಮಾರಾಯ್ರೆ? ಮಟಾಟು ಹತ್ತಿ. ಸೀಟಿನ ಅಡಿಯಲ್ಲೇ ದೊಡ್ಡ ಸ್ಪೀಕರ್ ಉಂಟು!"

ಈ ಪರದೇಶದ ಊರಿನಲ್ಲಿ ಮಟಾಟುಗಳೆಂದರೆ ಹಾಡು ಹಾಕಿಕೊಂಡು ಓಡುವ ಮಿನಿಬಸ್ಸುಗಳು. ಇಪ್ಪತ್ತು ವರ್ಷ ಸದ್ದಿಲ್ಲದ ಮಟಾಟುವಿಗೇ ಕಾದು ನಿಂತವರು ಅಂದು ಅತಿ ಗದ್ದಲದ್ದನ್ನೇ ಹುಡುಕಿ ಹತ್ತಿದರು. ಕಂಡಕ್ಟರ್ ಫೆಲಿಕ್ಸ್ ನಗುತ್ತಾ ಇವರ ಫೋನನ್ನು ಸ್ಪೀಕರಿಗೆ ಜೋಡಿಸಿದ. ಮೊದಲ ಹಾಡಿಗೆ ಕನ್ನಡಕ ಅದುರಿತು. ಎರಡನೆಯದಕ್ಕೆ ಟಿಫಿನ್ ಡಬ್ಬಿ ಉರುಳಿ, ಪಕ್ಕದವನ ಕೋಟಿಗೆ ಹುಳಿಯ ಅಭಿಷೇಕವಾಯಿತು. ಮೂರನೆಯದು ಮುಗಿಯುವವರೆಗೂ ಕ್ಷಮೆ ಕೇಳಿದರು.

ನಾಲ್ಕನೆಯದರಲ್ಲಿ ಆ ಡೋಲುಗಳ ನಡುವಿನಿಂದ ಒಂದು ಹೆಣ್ಣುದನಿ ಎದ್ದಿತು. ಮಾತಿಲ್ಲ, ಬರೀ ನಿಧಾನವಾದ ರಾಗ. ಕೋಟಿನವನೂ ಕೋಪ ಮರೆತು ಕಣ್ಣು ಮುಚ್ಚಿದ. ಮೂರ್ತಿಗಳ ಕಣ್ಣು ಒದ್ದೆಯಾಯಿತು. ಇಳಿಯಬೇಕಿದ್ದ ಅಪ್ಪರ್ ಹಿಲ್ ಸ್ಟಾಪು ಯಾವಾಗಲೋ ಹಿಂದೆ ಹೋಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವರೇ ಶುರುಮಾಡಿದರು. "ನಾಲ್ಕನೇದು ಪುಟ್ಟಾ! ಎಂಥಾ ಕಂಠ! ಅಂಥ ದನಿ ಇರೋ ಮನೆಯವರು ಪುಣ್ಯವಂತರು. ಒಂದೇ ಕೊರತೆ. ಚೆನ್ನಾಗಿ ಹಾಡ್ತಿರೋವಾಗ್ಲೇ ಥಟ್ಟಂತ ನಿಲ್ಸಿದೀಯ. ಪಾಪ, ಪೂರ್ತಿ ಹಾಡೋಕೆ ಬಿಡ್ಬಾರ್ದಿತ್ತಾ?"

ನಿಖಿತಾ ಅಮ್ಮನತ್ತ ನೋಡಿದಳು. "ದಟ್ಸ್ ಅಮ್ಮ. ಹಿಂದೊಂದ್ಸಲ ಬಂದಾಗ ಕಿಚನ್‌ನಲ್ಲಿ ರೆಕಾರ್ಡ್ ಮಾಡ್ದೆ. ಸ್ವಲ್ಪ ಸ್ಲೋ ಮಾಡಿದೀನಿ, ಅಷ್ಟೆ."

"ಮತ್ತೆ... ನಿಂತಿದ್ದು?"

"ಅಲ್ಲಿ ನೀವು ಯಾವಾಗಿನ ಥರ 'ಸಾಕು' ಅಂತ ಕೂಗ್ತೀರ ಅಪ್ಪಾ. ಅದನ್ನ ಕಟ್ ಮಾಡ್ದೆ."

ಮೂರ್ತಿಗಳಿಗೆ ತುಂಬಾ ನಾಚಿಕೆಯಾಯಿತು. "ಗಿರಿಜಾ, ಈಗೊಂದ್ಸಲ ಪೂರ್ತಿ ಹಾಡ್ತೀಯಾ?"

ಗಿರಿಜಾ ಸೌಟು ಎತ್ತಿ, "ಸಾರು ಹಾಕ್ಲಾ, ಸಾಕಾ?" ಎಂದಳು.

'ಸಾಕು' ಎನ್ನಲು ಮೂರ್ತಿಗಳಿಗೆ ಬಾಯಿ ಬರಲಿಲ್ಲ. ಅವಳು ಹಾಕುತ್ತಲೇ ಹೋದಳು, ಹೊಟ್ಟೆ ಬಿರಿಯುವಂತಿದ್ದರೂ ಇವರು ಉಣ್ಣುತ್ತಲೇ ಹೋದರು.