ನಮ್ಮವರು ಮಾತು ಕೊಟ್ಟ ಹನ್ನೆರಡು ನೊಣಗಳು

ನೊಣ ಕಟ್ಟುವುದು ಏನು ಮಹಾ ವಿದ್ಯೆ? ಏಳನೇ ಕ್ಲಾಸು ಮುಗಿದಂದಿನಿಂದ ಮದುವೆಯಾಗುವವರೆಗೆ ದಿನಕ್ಕೆ ಎಂಟುನೂರು ಬೀಡಿ ಕಟ್ಟಿದ ಕೈ ನನ್ನದು. ಕಣ್ಣು ಮುಚ್ಚಿಕೊಂಡೇ ನೂಲು ಸುತ್ತುತ್ತಿದ್ದೆ. ಹಾಗಾಗಿ ಗಾರ್ಡನ್ ಸಾಹೇಬರು ಫೋನ್ ಮಾಡಿದಾಗ, ನನಗೆ ಬರುವ ನಾಲ್ಕಕ್ಷರ ಇಂಗ್ಲಿಷಿನಲ್ಲಿ, ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ: ನಿಮ್ಮ ಹನ್ನೆರಡು ನೊಣ ರೆಡಿ ಇವೆ, ಶುಕ್ರವಾರ ಬಂದು ತೆಗೆದುಕೊಂಡು ಹೋಗಿ.

ರೆಡಿ ಇದ್ದದ್ದು ಒಂಬತ್ತು!

ವಿಷಯ ಬಿಡಿಸಿ ಹೇಳುತ್ತೇನೆ. ನಮ್ಮವರು, ಎಂದರೆ ನನ್ನ ಗಂಡ ಹಮೀದ್, ಕತಾರಿನ ರಾಸ್ ಲಫಾನ್‌ನ ಒಂದು ಪ್ಲಾಂಟಿನಲ್ಲಿ ಮೀಟರು ರಿಪೇರಿ ಮಾಡುತ್ತಿದ್ದರು. ಅವರ ಮೇಲಧಿಕಾರಿ ಗಾರ್ಡನ್ ಸಾಹೇಬರು ಸ್ಕಾಟ್ಲೆಂಡಿನವರು. ಅಲ್ಲಿಯ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಇದೆಯಂತೆ. ಅದನ್ನು ಬಂಗುಡೆಯ ಹಾಗೆ ಬಲೆ ಬೀಸಿ ಹಿಡಿಯುವಂತಿಲ್ಲ. ಗಾಳದ ಕೊಕ್ಕೆಗೆ ನೂಲು, ರೋಮ, ಗರಿ ಸುತ್ತಿ ಒಂದು ಸುಳ್ಳು ನೊಣ ಮಾಡಬೇಕು. ಅದನ್ನು ನೀರಿನ ಮೇಲೆ ತೇಲಿಬಿಟ್ಟು ಮೀನಿಗೆ ಮೋಸ ಮಾಡಬೇಕು. ಮೀನು ಬುದ್ಧಿವಂತ, ನೊಣ ಸಣ್ಣದಾದಷ್ಟೂ ನಂಬುತ್ತದೆ. ಸಾಹೇಬರ ಬೆರಳು ಬಾಳೆಹಣ್ಣಿನಷ್ಟು ದಪ್ಪ, ನಮ್ಮವರ ಬೆರಳು ಸಪೂರ. ಹಾಗಾಗಿ ಆ ವಿದ್ಯೆ ಸಾಹೇಬರಿಂದ ನಮ್ಮವರಿಗೆ ವರ್ಗವಾಯಿತು. ಹದಿನಾಲ್ಕು ವರ್ಷ, ರಜೆ ಸಿಕ್ಕಿದ ಮಧ್ಯಾಹ್ನಗಳಲ್ಲೆಲ್ಲ ನಮ್ಮವರು ಮೇಜಿನ ಮುಂದೆ ಬಗ್ಗಿ ಕೂತು ನೊಣ ಕಟ್ಟಿದರು. ಕತಾರಿನಲ್ಲಿ ಹೊಳೆ ಇಲ್ಲ. ಟ್ರೌಟ್ ಅಂತೂ ಇಲ್ಲವೇ ಇಲ್ಲ. ಜೀವಮಾನದಲ್ಲಿ ಒಂದೇ ಒಂದು ಟ್ರೌಟನ್ನೂ ಕಣ್ಣಾರೆ ನೋಡಿದವರಲ್ಲ ಅವರು!

ಸಾಹೇಬರು ನಿವೃತ್ತರಾಗಿ ಊರಿಗೆ ಹೊರಡುವಾಗ ಹನ್ನೆರಡು ಕಟ್ಟಿಕೊಡುತ್ತೇನೆಂದು ನಮ್ಮವರು ಮಾತು ಕೊಟ್ಟಿದ್ದರು. ಒಂಬತ್ತು ಮುಗಿಸಿದ್ದರು. ಒಂದು ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದು ಆಸ್ಪತ್ರೆಗೆ ತಾವೇ ನಡೆದುಕೊಂಡು ಹೋದರು. ವಾಪಸ್ ಬರಲಿಲ್ಲ. ಐದೂವರೆ ತಿಂಗಳಾಯಿತು. ಗಂಡ ತೀರಿಕೊಂಡವಳು ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದವಳು ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದ ಮನುಷ್ಯ. ಅವರು ಆಡಿ ಉಳಿದುಹೋದ ಮಾತು ಇದೊಂದೇ.

"ಉಮ್ಮಾ, ತ್ರೀ ಶಾರ್ಟ್ ಉಂಟಲ್ಲ?" ಮಗಳು ಶಮೀಮಾ ಗಾಬರಿಯಾದಳು. ದೋಹಾದ ಅಲ್ ಹಿಲಾಲ್‌ನ ನಮ್ಮ ಈ ಫ್ಲಾಟಿನಲ್ಲಿ ಈಗ ನಾವಿಬ್ಬರೇ ಇರುವುದು. "ನೈನ್ ಅಂತ ಹೇಳಿದ್ರೆ ಅವ್ರು ಬೇಜಾರು ಮಾಡ್ತಾರಾ?"

"ನಿನ್ನ ಬಾಪ ಹೇಳಿದ್ದು ಹನ್ನೆರಡು. ಮೂರು ನಾನು ಕಟ್ತೇನೆ. ಬೀಡಿಗಿಂತ ಕಷ್ಟವಾ?"

ಬಿಸ್ಮಿಲ್ಲಾ ಎಂದು ಮೇಜಿನ ಮುಂದೆ ಕೂತೆ. ಕೊಕ್ಕೆಯ ಡಬ್ಬಿಯ ಮೇಲೆ ಇಪ್ಪತ್ತಾರು ಎಂದು ನಂಬರಿತ್ತು. ಇಪ್ಪತ್ತಾರೆಂದರೆ ಒಳ್ಳೆಯ ದೊಡ್ಡ ಕೊಕ್ಕೆಯೇ ಇರಬೇಕೆಂದು ಸಮಾಧಾನಪಟ್ಟು ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ! ತಳದಲ್ಲಿ ಸ್ವಲ್ಪ ಧೂಳು. ಉಫ್ ಎಂದು ಊದಿದೆ. ಧೂಳು ಹಾರಿತು.

ಅದು ಧೂಳಲ್ಲ. ಕೊಕ್ಕೆ!

ನಂಬರು ಏರಿದಷ್ಟೂ ಕೊಕ್ಕೆ ಕುಗ್ಗುತ್ತದೆ ಎಂಬ ಈ ಉಲ್ಟಾ ಕಾನೂನನ್ನು ಯಾರೂ ನನಗೆ ಹೇಳಿರಲಿಲ್ಲ. ಎಳ್ಳಿನ ಪಕ್ಕ ಇಟ್ಟರೆ ಎಳ್ಳೇ ದೊಡ್ಡಣ್ಣ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂಟೆಯ ಮ್ಯಾಗ್ನೆಟ್ ಕಿತ್ತು ತಂದು, ಮೊಣಕಾಲೂರಿ, ಕಾರ್ಪೆಟ್ಟಿನ ಮೇಲೆಲ್ಲ ಎಳೆದಾಡಿದೆ. ಒಂಟೆಗೆ ಗಡ್ಡ ಬಂತು. ಸಿಗದೆ ಉಳಿದ ಒಂದು ಕೊಕ್ಕೆಯನ್ನು ಸಂಜೆ ಶಮೀಮಾಳ ಹಿಮ್ಮಡಿ ತಾನಾಗಿಯೇ ಹುಡುಕಿಕೊಟ್ಟಿತು.

ಮರುದಿನ ಎಸಿಯ ಗಾಳಿಗೆ ಗರಿ ಹಾರಬಾರದೆಂದು ಎಸಿ ಆಫ್ ಮಾಡಿದೆ. ಜೂನ್ ತಿಂಗಳ ದೋಹಾದಲ್ಲಿ ಎಸಿ ಆಫ್ ಮಾಡಿದ ಹೆಂಗಸು ನಾನೊಬ್ಬಳೇ ಇರಬೇಕು. ನಮ್ಮವರ ಭೂತಗನ್ನಡಿಯ ದೀಪದಡಿ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದಾಗ ಎದುರು ಫ್ಲಾಟಿನ ಲಿಲ್ಲಿ ಬಾಯಿ ಒಳಗೆ ಬಂದರು. ಉಡುಪಿ ಕಡೆಯವರು, ಇಪ್ಪತ್ತು ವರ್ಷದ ನೆರೆಯವರು, ಬಾಯಿಗೆ ಬೀಗ ಇಲ್ಲದವರು.

"ಎಂತ ಮಾರಾಯ್ತಿ, ಇದು ಮನೆಯಾ ಇಡ್ಲಿ ಬೇಯಿಸುವ ಅಟ್ಟವಾ? ಎಂತ ಮಾಡ್ತಾ ಇದ್ದಿ?"

"ನೊಣ ಕಟ್ತಾ ಇದ್ದೇನೆ."

ಲಿಲ್ಲಿ ಬಾಯಿ ನನ್ನ ಹಣೆ ಮುಟ್ಟಿ ನೋಡಿದರು.

ವಿಷಯ ಹೇಳಿ, ಆಗಷ್ಟೇ ಮುಗಿಸಿದ್ದ ಮೊದಲ ನೊಣವನ್ನು ಹೆಮ್ಮೆಯಿಂದ ಭೂತಗನ್ನಡಿಯ ಕೆಳಗಿಟ್ಟೆ. ಮೂವತ್ತು ವರ್ಷ ಸುಮ್ಮನಿದ್ದ ನನ್ನ ಹೆಬ್ಬೆರಳು ತನ್ನ ಹಳೆಯ ಕೆಲಸವನ್ನು ಮರೆತಿರಲಿಲ್ಲ. ಒಂದು ತುದಿ ದಪ್ಪ, ಒಂದು ತುದಿ ಸಪೂರ, ಬಾಯಿ ಅಚ್ಚುಕಟ್ಟಾಗಿ ಮಡಚಿ, ಸೊಂಟಕ್ಕೆ ನೂಲು.

"ಇದಕ್ಕೆ ಬೆಂಕಿ ಮಾತ್ರ ಬಾಕಿ," ಎಂದರು ಲಿಲ್ಲಿ ಬಾಯಿ. "ಪಾಪದ ಮೀನಿಗೆ ಕ್ಯಾನ್ಸರ್ ಬರ್ತದೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೊಸ ಬ್ಲೌಸ್ ಹೊಲಿಯಲು ಬಾರದಿದ್ದರೆ ಹಳೆಯದನ್ನು ಬಿಚ್ಚಿ ನೋಡಿ ಕಲಿಯುವುದು ನಮ್ಮ ಕಡೆಯ ಕ್ರಮ. ನಮ್ಮವರ ಒಂಬತ್ತರಲ್ಲಿ ಒಂದನ್ನು ತೆಗೆದು, ಇಕ್ಕಳಕ್ಕೆ ಸಿಕ್ಕಿಸಿ, ನೂಲಿನ ತುದಿಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿದೆ. ಯಾವುದು ಯಾವುದರ ಮೇಲೆ ಕೂತಿದೆಯೆಂದು ನೋಡುವುದಷ್ಟೇ ಉದ್ದೇಶ. ನೂಲು ಸುರ್ ಎಂದು ಬಿಚ್ಚಿಕೊಂಡಿತು. ರೆಕ್ಕೆ ಬಿತ್ತು, ಮೈ ಉದುರಿತು. ಕೊಕ್ಕೆ ಬೋಳಾಗಿ ನಿಂತಿತು. ಎರಡು ಸೆಕೆಂಡು!

ಸರಿಯಾಗಿ ಕಾಣಲಿಲ್ಲವೆಂದು ಎರಡನೆಯದನ್ನು ಬಿಚ್ಚಿದೆ. ಎರಡನೆಯದರಲ್ಲಿ ಆದ ಸಂಶಯ ಪರಿಹರಿಸಲು ಮೂರನೆಯದು. ತಲೆ ಎತ್ತಿ ಎಣಿಸಿದಾಗ ಅವರದ್ದು ಉಳಿದದ್ದು ಆರು. ಮೂರು ಕಟ್ಟಲು ಕೂತವಳು ಈಗ ಆರು ಕಟ್ಟಬೇಕು! ಲೆಕ್ಕ ಹಾಗಿರಲಿ. ಆ ಬೆರಳುಗಳು ಕೊನೆಯದಾಗಿ ಮಾಡಿಟ್ಟು ಹೋದ ಕೆಲಸವನ್ನು ಕುಳಿತಲ್ಲೇ ಬಿಚ್ಚಿ ಹಾಕಿದ್ದೆ.

ಲಿಲ್ಲಿ ಬಾಯಿ ಉದುರಿದ ಬೂದು ರೋಮವನ್ನು ಬೆರಳ ತುದಿಗೆ ಅಂಟಿಸಿಕೊಂಡು ಭೂತಗನ್ನಡಿಯ ಕೆಳಗೆ ಹಿಡಿದು ನೋಡುತ್ತಿದ್ದರು. ತುಂಬಾ ಹೊತ್ತು ನೋಡಿದರು.

"ಝುಬೈದಾ," ಎಂದರು ಕೊನೆಗೆ, "ಇದು ನನ್ನ ಪಿಂಕಿ."

ಪಿಂಕಿ ಅವರ ಬೆಕ್ಕು.

"ಕಳೆದ ವರ್ಷ ಅದರ ಬೆನ್ನಲ್ಲಿ ಕೂದಲು ಹೋಗಿತ್ತಲ್ಲ! ಡಾಕ್ಟರಲ್ಲಿಗೆ ಎಷ್ಟು ಸಲ ಹೋದೆ! ಮೂರು ತಿಂಗಳು ಮುಲಾಮು ಹಚ್ಚಿದೆ ಮಾರಾಯ್ತಿ! ನಿನ್ನ ಗಂಡ ಪ್ರತಿ ಶುಕ್ರವಾರ ಅದನ್ನು ತೊಡೆಯ ಮೇಲೆ ಕೂರಿಸಿ ಸವರುವಾಗ ನಾನು, ಎಷ್ಟು ಒಳ್ಳೆಯ ಮನುಷ್ಯ, ಮೂಕಪ್ರಾಣಿಯ ಮೇಲೆ ಎಷ್ಟು ಪ್ರೀತಿ ಅಂತ..."

ಮನೆಯಲ್ಲಿ ಯಾರೋ ಜೋರಾಗಿ ನಕ್ಕರು. ನಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಐದೂವರೆ ತಿಂಗಳಲ್ಲಿ ಮೊದಲ ಸಲ. ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡೆ. ಲಿಲ್ಲಿ ಬಾಯಿ ನನ್ನ ಕೈ ಹಿಡಿದು ಕೆಳಗಿಳಿಸಿದರು. "ನಗು. ಬೆಕ್ಕು ನನ್ನದು, ನಾನು ಪರ್ಮಿಶನ್ ಕೊಟ್ಟಿದ್ದೇನೆ." ಆಮೇಲೆ ತಾವೇ ಹೋಗಿ ಪಿಂಕಿಯನ್ನು ಎತ್ತಿಕೊಂಡು ಬಂದರು. ಅದು ಕತ್ತರಿ ಕಂಡದ್ದೇ ಕಪಾಟಿನ ಮೇಲೆ ಹತ್ತಿ ಕೂತಿತು. ಅದಕ್ಕೆ ಎಲ್ಲ ನೆನಪಿತ್ತು.

ಶುಕ್ರವಾರದೊಳಗೆ ಆರು ಕಟ್ಟಿದೆ. ಎರಡು ಬೀಡಿಯಂತೆ, ಎರಡು ತೊಟ್ಟಿಲ ಮಗುವಿನಂತೆ, ಒಂದು ಮೀಸೆಯಂತೆ ಇದ್ದವು. ಆರನೆಯದು ಯಾವುದರಂತೆಯೂ ಇರಲಿಲ್ಲ.

ಗಾರ್ಡನ್ ಸಾಹೇಬರು ಬಂದರು. ಬಾಗಿಲಲ್ಲೇ ಶೂ ಬಿಚ್ಚಿ, ನಮ್ಮವರು ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು ಪಕ್ಕದ್ದರಲ್ಲಿ ಕೂತರು. ಸುಲೈಮಾನಿ ಚಹಾ, ಗೋಳಿಬಜೆ ಇಟ್ಟೆ. ನಾಲ್ಕು ತಿಂದರು. ನಾನು ಡಬ್ಬಿ ಮುಂದಿಟ್ಟೆ. ಹನ್ನೆರಡನ್ನೂ ಕಲಸಿ ಇಟ್ಟಿದ್ದೆ, ಗುರುತು ಸಿಗದಿರಲಿ ಎಂದು! ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಹುಬ್ಬು ಮೇಲೆ ಹೋಯಿತು. ಅಲ್ಲೇ ನಿಂತಿತು.

ನನಗೆ ತಡೆಯಲಾಗಲಿಲ್ಲ. "ಆರು ಅವರದ್ದು, ಆರು ನನ್ನದು. ಮೂರನ್ನು ನಾನೇ ಬಿಚ್ಚಿ ಹಾಳು ಮಾಡಿದೆ. ಹೇಳು ಶಮೀಮಾ, ಎಲ್ಲ ಹೇಳು. ಬೆಕ್ಕಿನದ್ದೂ ಹೇಳು." ಶಮೀಮಾ ಹೇಳಿದಳು. ಸಾಹೇಬರು ಹಲ್ಲುಕಡ್ಡಿಯ ತುದಿಯಿಂದ ಒಂದೊಂದಾಗಿ ಎಣಿಸಿ, ಮುಚ್ಚಳ ಮುಚ್ಚಿ ಜೇಬಿಗಿಟ್ಟುಕೊಂಡರು.

"ಹನ್ನೆರಡು. ಖಲಾಸ್. ಹಮೀದ್ ಮಾತು ಉಳಿಸಿಕೊಂಡ."

"ಆದರೆ ನನ್ನದಕ್ಕೆ ಮೀನು ಸಿಗುವುದಿಲ್ಲ ಸಾರ್."

"ಪರವಾಗಿಲ್ಲ. ಸಿಕ್ಕಿದ್ದನ್ನೂ ನಾನು ನೀರಿಗೇ ಬಿಡುವುದಲ್ಲವೇ?"

"ಎಂತ?" ಎಂದೆ. "ಶಮೀಮಾ, ಸರಿಯಾಗಿ ಕೇಳು. ಬಿಡುವುದಾ? ಮಸಾಲೆಯನ್ನೂ ಹಾಕದೆ?"

ಸರಿಯಾಗಿಯೇ ಕೇಳಿದಳು. ಹಿಡಿಯುತ್ತಾರೆ, ನೋಡುತ್ತಾರೆ, ಬಿಡುತ್ತಾರೆ. ಇಷ್ಟು ವರ್ಷದಲ್ಲಿ ಒಂದನ್ನೂ ತಿಂದಿಲ್ಲ! ಸಾಹೇಬರ ಹೆಂಡತಿ ಟ್ರೌಟನ್ನು ಬೆಣ್ಣೆಯಲ್ಲಿ ಹುರಿಯುತ್ತಾರೆ, ಮುಳ್ಳು ಕಡಿಮೆ, ಬಹಳ ರುಚಿ ಎಂದು ನಮ್ಮವರು ನನಗೆ ಹದಿನಾಲ್ಕು ವರ್ಷ ವರದಿ ಕೊಟ್ಟಿದ್ದರು!

"ಅವರಿಗೆ ಗೊತ್ತಿತ್ತಾ?"

"ಮೊದಲ ದಿನದಿಂದ," ಎಂದರು ಸಾಹೇಬರು. "ಕೇಳಿ ಅರ್ಧ ಗಂಟೆ ನಕ್ಕಿದ್ದ. ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ, ಮೇಜನ್ನು ಬಾಲ್ಕನಿಯಿಂದ ಕೆಳಗೆ ಹಾಕುತ್ತಾಳೆ ಎಂದಿದ್ದ."

ಹಾಕುತ್ತಿದ್ದೆ. ಖಂಡಿತ ಹಾಕುತ್ತಿದ್ದೆ.

ಮೂರು ವಾರದ ನಂತರ ಸಾಹೇಬರ ಮೆಸೇಜು ಬಂತು. ಜೊತೆಗೊಂದು ಫೋಟೋ. ಒದ್ದೆ ಅಂಗೈಯಲ್ಲಿ ಚುಕ್ಕೆ ಚುಕ್ಕೆಯ ಮೀನು, ಅದರ ತುಟಿಯಲ್ಲಿ ನಮ್ಮವರ ನೊಣ. ಟ್ರೌಟ್ ಎಂದರೆ ಇದು! "ಇಲ್ಲಿ ನೋಡಿ," ಎನ್ನುತ್ತ ಫೋನ್ ಹಿಡಿದುಕೊಂಡು ಒಳಗಿನ ಕೋಣೆಯವರೆಗೆ ಹೋಗಿಬಿಟ್ಟೆ. ನಮ್ಮವರ ಮೇಜಿನ ದೀಪ ಆರಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ.

"ಉಮ್ಮಾ, ಕೆಳಗೆ ಇನ್ನೂ ಉಂಟು," ಎನ್ನುತ್ತ ಶಮೀಮಾ ಹಿಂದೆಯೇ ಬಂದಳು. ಓದಿ ಹೇಳಿದಳು: ಹಮೀದರ ಆರು ನೊಣಗಳಿಗೆ ಹನ್ನೊಂದು ಮೀನು ಸಿಕ್ಕಿ, ಎಲ್ಲವನ್ನೂ ಕ್ಷೇಮವಾಗಿ ಬಿಡಲಾಗಿದೆ. ನಿಮ್ಮ ಆರು ನೊಣಗಳಿಂದ ಯಾವ ಮೀನಿಗೂ ಯಾವ ತೊಂದರೆಯೂ ಆಗಿಲ್ಲವೆಂದು ತಿಳಿಸಲು ಸಂತೋಷವಾಗುತ್ತದೆ.

"ರಿಪ್ಲೈ ಎಂತ ಮಾಡ್ಲಿ?" ಎಂದು ಕೇಳಿದಳು ಶಮೀಮಾ.

"ಬರಿ," ಎಂದೆ. "ಕೊನೆಗೆ ಬಿಡುವುದೇ ಆದರೆ ನನ್ನ ನೊಣವೇ ಉತ್ತಮ. ಅದು ಹಿಡಿಯುವ ಮೊದಲೇ ಬಿಟ್ಟುಬಿಡುತ್ತದೆ!"