ಹೊಟ್ಟೆಕಿಚ್ಚಿನವನ ಕೈಗೆ ಕೊಡಿ

ಕಥೆ ಬರೆಯಲು ಕಲಿಯುವುದು ಹೇಗೆಂದು ಈಗೀಗ ಕೆಲವರು ನನ್ನನ್ನು ಕೇಳುವುದುಂಟು. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವನನ್ನು ಕೇಳುತ್ತಾರಲ್ಲ ಎಂಬ ಹೆಮ್ಮೆ ನನಗಿದೆ. ನಿಜವಾಗಿ ಕೇಳಬೇಕಾದದ್ದು ಮೊಯಿದುವನ್ನು. ಅದನ್ನು ಮಾತ್ರ ನಾನು ಅವರಿಗೆ ಹೇಳುವುದಿಲ್ಲ.

ಪುತ್ತೂರಿನ ನಮ್ಮ ಬೀಡಿ ಅಂಗಡಿಯಲ್ಲಿ ಎಲ್ಲರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವಾಗ ಒಬ್ಬ ಪತ್ರಿಕೆ ಓದಿ ಹೇಳಬೇಕು. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಸ್ವರ ದೊಡ್ಡದೆಂದು ಓದುವ ಕೆಲಸ ನನಗೆ ಬಂದಿತ್ತು. ಸುದ್ದಿ ಮುಗಿದ ಮೇಲೆ ನಾನು ಬರೆದ ಕಥೆಗಳನ್ನೂ ಮೆಲ್ಲನೆ ಸೇರಿಸುತ್ತಿದ್ದೆ. "ನಿಮ್ಮ ಕಥೆಯೇ ಓದಿ ಮಾರಾಯ್ರೆ, ಬೀಡಿ ಬೇಗ ಆಗ್ತದೆ" ಎಂದರು ಧಣಿ. ಬಹಳ ಕಾಲ ನಾನದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಹೀಗಿರುವಾಗ ನನ್ನ ಪಕ್ಕದಲ್ಲೇ ಕುಳಿತು, ನನ್ನಿಂದಲೇ ಕನ್ನಡ ಅಕ್ಷರ ಕಲಿತ ಮೊಯಿದುವಿನ ಕಥೆ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದುವ ಕರ್ಮವೂ ನನ್ನದೇ. ಅವನ ಅಜ್ಜಿ ಕಡಬದಿಂದ ಬಸ್ಸಿನಲ್ಲಿ ಆಡು ತಂದ ಕಥೆ. ಆಡಿಗೂ ಟಿಕೆಟು ಬೇಕೆಂದ ಕಂಡಕ್ಟರನಿಗೆ ಅಜ್ಜಿ, "ನನ್ನ ಟಿಕೆಟಲ್ಲಿ ಅದು ಕೂತ್ಕೊಳ್ಳಲಿ ಮಗಾ, ನಾನು ಇಳಿದು ನಡೀತೇನೆ" ಎನ್ನುತ್ತಾಳೆ. ತಲೆಯೆತ್ತಿ ನೋಡಿದರೆ ಬೀಡಿ ಕಟ್ಟುವ ಒಂದು ಕೈಯೂ ಆಡುತ್ತಿಲ್ಲ. ನನ್ನ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಕೊನೆಗೆ ಸೂರ್ಯಾಸ್ತದ ಒಂದು ವರ್ಣನೆ ಇತ್ತು. ನಾನು ಜನ್ಮದಲ್ಲಿ ಬರೆಯಲಾರದಂಥದ್ದು. ಅದನ್ನು ನುಂಗಿ, ಅಜ್ಜಿಯ ಮಾತಿಗೇ ಪತ್ರಿಕೆ ಮಡಚಿಬಿಟ್ಟೆ. ಕಥೆಗೆ ಬಾಲವಿಲ್ಲದೆ ಹೋಗಲಿ ಎಂಬುದು ನನ್ನ ಲೆಕ್ಕ. ಅಂಗಡಿಯಿಡೀ ಬಿದ್ದು ಬಿದ್ದು ನಕ್ಕಿತು. ಧಣಿಯೂ ನಕ್ಕರು.

ಸಂಜೆ ಕೆಲಸ ಬಿಟ್ಟ ಮೇಲೆ ಮೊಯಿದು ನನ್ನ ಹತ್ತಿರ ಬಂದ. "ಅಣ್ಣಾ, ಕಡೆಯದ್ದು ಎಂತ ಓದದ್ದು?"

"ಕಣ್ಣು ಮಂಜಾಯಿತು" ಎಂದೆ.

"ಅದಿಲ್ಲದೆಯೇ ಲಾಯ್ಕ ಉಂಟು. ಇನ್ನು ಕಳಿಸುವ ಮೊದಲು ನೀವೇ ನೋಡಿ ಕೊಡ್ಬೇಕು."

ಅಂದಿನಿಂದ ಅವನ ಕಥೆಗಳಲ್ಲಿ ನನ್ನ ಹೊಟ್ಟೆ ಉರಿಸಿದ ಸಾಲುಗಳನ್ನೆಲ್ಲ ಹೊಡೆದುಹಾಕುತ್ತ ಬಂದಿದ್ದೇನೆ. ಹೆಚ್ಚಿನವು ಬಣ್ಣನೆಗಳೇ. ಕಥೆಗಳು ಒಂದರ ಹಿಂದೊಂದು ಅಚ್ಚಾಗುತ್ತಿವೆ.

ಆದ್ದರಿಂದ ಹೊಸದಾಗಿ ಬರೆಯುವವರಿಗೆ ನಾನು ಹೇಳುವುದಿಷ್ಟೆ: ಬರೆದದ್ದನ್ನು ಹೊಟ್ಟೆಕಿಚ್ಚಿನವನ ಕೈಗೆ ಕೊಡಿ. ಪ್ರೀತಿಯವರಿಗೆ ಒಂದು ಸಾಲು ತೆಗೆಯಲೂ ಮನಸ್ಸು ಬಾರದು. ಇದನ್ನು ಕಂಡುಕೊಂಡ ಮೇಲೆ ನನ್ನದೊಂದು ಕಥೆಯನ್ನೂ ಮೊಯಿದುವಿಗೆ ಕೊಟ್ಟೆ. ಅವನು ಪೂರ್ತಿ ಓದಿ, "ಎಲ್ಲ ಚೆಂದ ಉಂಟಣ್ಣಾ, ಎಂತದೂ ತೆಗೀಲಿಕ್ಕಿಲ್ಲ" ಎಂದು ನಗುನಗುತ್ತ ಹಿಂದಕ್ಕೆ ಕೊಟ್ಟ. ಅವನ ಹೊಟ್ಟೆ ಉರಿಸುವ ಒಂದೇ ಒಂದು ಸಾಲಾದರೂ ಅದರಲ್ಲಿ ಇರಬಾರದಿತ್ತೇ.